ನೋವಿಗೆ ಯಾವ ಕಾರ್ಡು?

ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ತಾಯಲೂರಿನಲ್ಲಿ ಬೆಳಗಿನ ಹಾಲು ಡೇರಿಗೆ ಹಾಕಿ ಮುಗಿದು, ಟೊಮೆಟೊ ಕ್ರೇಟು ಹೇರಿಕೊಂಡ ಟೆಂಪೊಗಳು ಮಂಡಿಯ ದಾರಿ ಹಿಡಿದ ಮೇಲೆ ಬಸ್ ನಿಲ್ದಾಣದ ಹತ್ತಿರದ ಟೀ ಅಂಗಡಿಗೆ ಸ್ವಲ್ಪ ಬಿಡುವು. ಅಲ್ಲಿ ಬೆಂಚಿನ ಮೇಲೆ ಕೂತ ಇಬ್ಬರ ಮಾತು ಇದು. ಒಬ್ಬರು ನಿವೃತ್ತ ಮೇಷ್ಟ್ರು, ದಲಿತ ಸಂಘರ್ಷ ಸಮಿತಿಯ ಜಾಥಾ, ಧರಣಿಗಳ ಕಾಲದಲ್ಲಿ ಹುರಿಗೊಂಡವರು. ಇನ್ನೊಬ್ಬರು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ; ಅಷ್ಟುದ್ದದ ಹುದ್ದೆಯ ಹೆಸರು ಯಾರ ನಾಲಿಗೆಗೂ ಹತ್ತದ್ದರಿಂದ ಊರವರಿಗೆ ಸಿಸ್ಟರು. ಗದಗದ ಕಡೆಯವರು. ಇಲ್ಲಿಗೆ ಬಂದ ಮೇಲೆ ಮಾತಿನ ಧಾಟಿ ಸವೆದು ‘ರೀ’ ಒಂದು ಉಳಿದಿದೆ. ಗಡಿಸೀಮೆಯ ಮನೆಗಳಲ್ಲಿ ನೋವು ಎಲ್ಲಿ, ಎಷ್ಟು ಎಂದು ಕೇಳುವಷ್ಟು ತೆಲುಗು ಸೇರಿಕೊಂಡಿದೆ. ಇಬ್ಬರಿಗೂ ಇಲ್ಲಿ ಹೆಸರಿಟ್ಟಿಲ್ಲ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಯಾವ ತಾಲ್ಲೂಕಿಗೆ ಹೋದರೂ ಇಂಥ ಇಬ್ಬರು ಸಿಕ್ಕಾರು, ಇದೇ ಜಗಳ ಆಡುತ್ತಿದ್ದಾರು.

ಜಗಳಕ್ಕೆ ನೆಪ ‘ಗೃಹ ಆರೋಗ್ಯ’. ಮನೆಬಾಗಿಲಿಗೇ ಬಂದು ಬಿಪಿ, ಸಕ್ಕರೆ ನೋಡುವ, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿನ ಸುಳಿವು ಹುಡುಕುವ ಈ ಯೋಜನೆಯನ್ನು ರಾಜ್ಯ ಸರ್ಕಾರ 2024ರ ಅಕ್ಟೋಬರಿನಲ್ಲಿ ಮೊದಲು ಪ್ರಯೋಗಕ್ಕಿಟ್ಟದ್ದು ಕೋಲಾರ ಜಿಲ್ಲೆಯಲ್ಲೇ. ಹುಡುಕಿ ಸಿಕ್ಕ ಮೇಲೆ ಮುಂದೇನು ಎನ್ನುವಲ್ಲಿ, ಗಂಭೀರ ಕಾಯಿಲೆಯ ನೋವು, ನರಳಾಟ ತಗ್ಗಿಸುವ ಉಪಶಾಮಕ (ಪ್ಯಾಲಿಯೇಟಿವ್) ಆರೈಕೆಯ ಬಗ್ಗೆ ಮಾತು ಹತ್ತಿಕೊಂಡಿತು.

ಮೇಷ್ಟ್ರು: ಬಾಯಿ ತೆರೆಸ್ತೀರಿ, ಟಾರ್ಚು ಬಿಡ್ತೀರಿ, ಟ್ಯಾಬಲ್ಲಿ ಬರ್ಕೊಂಡು ಹೋಗ್ತೀರಿ. ನಮ್ಮ ಕಾಲೋನಿಯ ಅಜ್ಜಿಗೆ ಕೆನ್ನೆ ತೂತು ಬಿದ್ದ ಮೇಲೆ ಗೊತ್ತಾಯ್ತು. ಅಲ್ಲೀತನಕ ಯಾರ ಟಾರ್ಚೂ ಆ ಬೀದಿಗೆ ಇಳಿಯಲಿಲ್ಲ. ಈಗ ನೀನು ಬಂದು ಉಪಶಾಮಕ ಆರೈಕೆ ಅಂತೀಯ. ಮನೆ ಸುಟ್ಟ ಮೇಲೆ ಬಾವಿ ತೋಡಿದ ಹಾಗೆ ಐತೆ.

ಸಿಸ್ಟರು: ತಡ ಆಗಿದ್ದು ನಿಜ ರೀ ಮೇಷ್ಟ್ರೇ. ತಡ ಆಯ್ತು ಅಂತ ಅಜ್ಜಿ ರಾತ್ರಿಯೆಲ್ಲ ಗೋಡೆಗೆ ತಲೆ ಒತ್ತಿಕೊಂಡು ಕೂರಬೇಕಾ?

ಮೇಷ್ಟ್ರು: ಹಾಗಂತ ನಾನೆಲ್ಲಿ ಅಂದೆ? ಲೆಕ್ಕ ಕೇಳ್ತಾ ಇದೀನಿ. ವಾಸಿಯಾಗೋ ಹೊತ್ತಿನ ಆಪರೇಷನ್ನು, ಕರೆಂಟು (ರೇಡಿಯೇಷನ್) ಕೊಡೋದು ಎಲ್ಲಾ ಉಳ್ಳವರಿಗೆ. ಇನ್ನು ಆಗಲ್ಲ ಅನ್ನೋ ಹೊತ್ತಿನ ಮಾತ್ರೆ ಮಾತ್ರ ನಮಗೆ. ಬಡವನಿಗೆ ಕೊಡೋ ಅಗ್ಗದ ಕರುಣೆ ಅಲ್ವಾ ಇದು? ಮೊದಲು ಬದುಕಿಸೋ ಸೌಕರ್ಯ ಕೊಡಿ, ಆಮೇಲೆ ಸುಖವಾಗಿ ಸಾಯಿಸೋದು ನೋಡೋಣ.

ಮೇಷ್ಟ್ರ ಈ ಪ್ರಶ್ನೆ ಕೊಂಕಲ್ಲ. ಕೋಲಾರ ಸೀಮೆಯಲ್ಲಿ ಬಾಯಿ ಕ್ಯಾನ್ಸರು ಹೆಚ್ಚು, ಅದರಲ್ಲೂ ಹೆಂಗಸರಲ್ಲಿ ಹೆಚ್ಚು ಎನ್ನುವುದನ್ನು ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆಯ ವೈದ್ಯರು ಹಲವು ಅಧ್ಯಯನಗಳಲ್ಲಿ ಬರೆದಿದ್ದಾರೆ. ಎಲೆಯಡಿಕೆಗೆ ಕಡ್ಡಿಪುಡಿ ಸೇರಿಸಿ ಕೆನ್ನೆಗೂ ದವಡೆಗೂ ನಡುವೆ ಒತ್ತಿಟ್ಟುಕೊಳ್ಳುವುದು ಇಲ್ಲಿಯ ಕೂಲಿ ಹೆಂಗಸರ ಹಳೆಯ ಅಭ್ಯಾಸ. ಕಳೆ ಕೀಳುವಾಗ ಹಸಿವು ಮರೆಯಲಿಕ್ಕೆ ಒಂದು ಸಲ, ಸಂಜೆ ಮೈಕೈ ನೋವಿಗೆ ಇನ್ನೊಂದು ಸಲ. ಕೆಲವರು ರಾತ್ರಿ ಬಾಯಲ್ಲಿಟ್ಟುಕೊಂಡೇ ಮಲಗುತ್ತಾರೆ. ಉಂಡೆ ಕೂರುವ ಜಾಗದಲ್ಲೇ ಹುಣ್ಣು. ಮೊದಲು ಉರಿ, ಆಮೇಲೆ ಬಾಯಿ ಅಗಲಿಸಲಾಗದು, ಆಮೇಲೆ ಗಂಟು. ಆಸ್ಪತ್ರೆಗೆ ಹೋಗುವುದು ಅನ್ನ ಇಳಿಯದಾದಾಗ. ಒಂದು ದಿನ ಆಸ್ಪತ್ರೆಗೆ ಅಂದರೆ ಎರಡು ಕೂಲಿ ಹೋಯಿತು, ರೋಗಿಯದ್ದೊಂದು, ಜೊತೆಗೆ ಬಂದವರದ್ದೊಂದು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಟಿಕೆಟ್ ಇಲ್ಲ, ಅಷ್ಟರ ಮಟ್ಟಿಗೆ ದಾರಿ ಹಗುರಾಯಿತು. ಕಳೆದ ಕೂಲಿಗೆ ಮಾತ್ರ ಯಾವ ಯೋಜನೆಯೂ ಇಲ್ಲ.

ಸಿಸ್ಟರು: ನೀವು ಎರಡು ಸಾಲು ಮಾಡ್ತೀರಿ, ಒಂದು ಬದುಕೋರ ಸಾಲು, ಒಂದು ಸಾಯೋರ ಸಾಲು. ಹಂಗಿಲ್ಲ ರೀ ಅದು. 2010ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಶ್ವಾಸಕೋಶದ ಕ್ಯಾನ್ಸರು, ದೇಹದಲ್ಲಿ ಹರಡಿದ್ದು. ಒಂದು ಗುಂಪಿಗೆ ಬರೀ ಚಿಕಿತ್ಸೆ, ಇನ್ನೊಂದಕ್ಕೆ ಚಿಕಿತ್ಸೆಯ ಜೊತೆ ಶುರುವಿನಿಂದಲೇ ಪ್ಯಾಲಿಯೇಟಿವ್ ಆರೈಕೆ. ಎರಡನೇ ಗುಂಪಿನವರು ಬದುಕಿದ್ದು ಸುಮಾರು 11.6 ತಿಂಗಳು, ಮೊದಲನೆಯವರು 8.9 ತಿಂಗಳು. ನೋವು ಕಡಿಮೆ ಆದರೆ ಊಟ ಇಳೀತದ, ನಿದ್ದೆ ಬರ್ತದ, ಕಿಮೋ ತಡಕೊಳ್ಳೋ ತ್ರಾಣ ಬರ್ತದ. ಇದು ಚಿಕಿತ್ಸೆ ಬಿಟ್ಟು ಕೊಡೋದಲ್ಲ, ಅದರ ಜೊತೆ ಕೊಡೋದು.

ಮೇಷ್ಟ್ರು: ಬಾಸ್ಟನ್ನಲ್ಲಿ ಜೊತೆಗೆ ಕೊಡ್ತಾರೆ. ತಾಯಲೂರಲ್ಲಿ ಬದಲಿಗೆ ಕೊಡ್ತಾರೆ. ಅದನ್ನೇ ನಾನು ಹೇಳ್ತಾ ಇರೋದು.

ಸಿಸ್ಟರಿಗೆ ಇದಕ್ಕೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಟೀ ಬಂತು. ಉತ್ತರದ ಬದಲು ಅವರು ಹಿಂದಿನ ವಾರ ಅಜ್ಜಿಯ ಮನೆಯಲ್ಲಿ ಮಾಡಿದ್ದನ್ನು ಹೇಳಲು ಶುರು ಮಾಡಿದರು.

ಅಜ್ಜಿಯನ್ನು ಮಲಗಿಸಿದ್ದು ಮನೆಯೊಳಗಲ್ಲ, ಹಸು ಕಟ್ಟುವ ಕೊಟ್ಟಿಗೆಯ ಮೂಲೆಯಲ್ಲಿ. ಮನೆಯವರು ಕಟುಕರೇನಲ್ಲ, ಇರುವುದೊಂದೇ ಕೋಣೆ, ಗಾಯದ ನಾತಕ್ಕೆ ಮಕ್ಕಳು ಊಟ ಬಿಟ್ಟಿದ್ದರು. ಸಿಸ್ಟರು ಮೊದಲು ಕೇಳಿದ್ದು ಹಳೆಯ ಕಾಟನ್ ಸೀರೆ. ಅದನ್ನು ಒಗೆಸಿ, ಅಂಗೈಯಗಲ ಚೌಕ ಹರಿಸಿ, ಮಡಿಚಿ, ಡಬ್ಬಿಯಲ್ಲಿಟ್ಟು ಅನ್ನದ ಕುಕ್ಕರಿನಲ್ಲೇ ಹಬೆ ಹಾಯಿಸಿದರೆ ಗಾಯಕ್ಕೆ ಕಟ್ಟುವ ಬಟ್ಟೆ ತಯಾರು; ಅಂಗಡಿಯ ಗಾಜ್ ಬಟ್ಟೆಗೆ ದುಡ್ಡು ಸುರಿಯಬೇಕಿಲ್ಲ. ಕಾದಾರಿದ ಉಪ್ಪುನೀರಲ್ಲಿ ಗಾಯ ತೊಳೆದು, ಮೆಟ್ರೊನಿಡಜೋಲ್ ಮಾತ್ರೆಯನ್ನು ಎರಡು ಚಮಚದ ನಡುವೆ ನುಣ್ಣಗೆ ಪುಡಿ ಮಾಡಿ ಉದುರಿಸಿದರು. ಭೇದಿಗೆ ಕೊಡುವ ಅದೇ ಮಾತ್ರೆ, ಯಾವ ಔಷಧಿ ಅಂಗಡಿಯಲ್ಲೂ ಇರುವಂಥದ್ದು. ನಾತ ಹುಟ್ಟಿಸುವ ಕ್ರಿಮಿಗಳು ಅದಕ್ಕೆ ಸಾಯುತ್ತವೆ. ಸೊಸೆಗೆ ಇದನ್ನು ಮಾಡಿ ತೋರಿಸಿ, ಆಕೆಯಿಂದ ಮಾಡಿಸಿ ನೋಡಿ ಬಂದರು. ಕೆಲವು ದಿನಕ್ಕೆ ಅಜ್ಜಿಯ ಚಾಪೆ ಕೊಟ್ಟಿಗೆಯಿಂದ ಪಡಸಾಲೆಗೆ ಬಂತು.

ಸಿಸ್ಟರು: ಇದಕ್ಕೆ ಯಾವ ದೊಡ್ಡಾಸ್ಪತ್ರೆ ಬೇಕಿತ್ತು, ಹೇಳ್ರಿ? ಆದರೆ ನೋವು ಮಾತ್ರ ನನ್ನ ಕೈಯಲ್ಲಿ ಇಲ್ಲ. ಪ್ಯಾರಾಸಿಟಮಾಲು, ಡೈಕ್ಲೋಫೆನಾಕು, ಅಲ್ಲಿಗೆ ನನ್ನ ಡಬ್ಬಿ ಮುಗೀತು. ಇಂಥ ನೋವಿಗೆ ಬೇಕಾದ ಮಾರ್ಫಿನ್ನು ಅದರಲ್ಲಿ ಇಲ್ಲ.

ಮೇಷ್ಟ್ರು: ತಟ್ಟೆ?

ಸಿಸ್ಟರು: ಏನ್ ತಟ್ಟೆ?

ಮೇಷ್ಟ್ರು: ಚಾಪೆ ಒಳಕ್ಕೆ ಬಂತು ಅಂದೆಯಲ್ಲ. ತಟ್ಟೆ ಲೋಟ ಒಳಕ್ಕೆ ಬಂತಾ?

ಸಿಸ್ಟರು: ಇಲ್ಲ. ಅವು ಇನ್ನೂ ಬೇರೆ. ಅಂಟುರೋಗ ಅಲ್ಲ ಅಂತ ಹೇಳಿ ಸಾಕಾಯ್ತು. ಕಾಲೋನಿ ಅಂತಲ್ಲ ಮೇಷ್ಟ್ರೇ, ಊರೊಳಗಿನ ದೊಡ್ಡ ಮನೆಗಳಲ್ಲೂ ಬಾಯಿ ಕ್ಯಾನ್ಸರು ಬಂತು ಅಂದ್ರೆ ತಟ್ಟೆ ಲೋಟ ಬೇರೆ ಮಾಡ್ತಾರೆ.

ಮೇಷ್ಟ್ರು: ಅವರಿಗೆ ಮೂರು ತಿಂಗಳು. ನಮಗೆ ಹುಟ್ಟಿದಾಗಿಂದ.

ಕೋಲಾರದಲ್ಲಿ ಈ ಮಾತಿಗೆ ತೂಕ ಜಾಸ್ತಿ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ನೂರು ಮಂದಿಯಲ್ಲಿ 30ಕ್ಕೂ ಹೆಚ್ಚು ಜನ ಪರಿಶಿಷ್ಟ ಜಾತಿಯವರು. ರಾಜ್ಯದ ಬೇರೆ ಯಾವ ಜಿಲ್ಲೆಯಲ್ಲೂ ಈ ಪ್ರಮಾಣ ಇಷ್ಟಿಲ್ಲ. ಇಡೀ ರಾಜ್ಯದ ಸರಾಸರಿ 17ರ ಆಸುಪಾಸು. ಜಿಲ್ಲೆಯ ಪರಿಶಿಷ್ಟರಲ್ಲಿ ಹೊಲ ಉಳ್ಳವರು ಕಡಿಮೆ, ಕೂಲಿ ಮೇಲೆ ನಿಂತವರು ಹೆಚ್ಚು. ಕಾಯಿಲೆ ಯಾರನ್ನೂ ಕೇಳಿ ಬರುವುದಿಲ್ಲ ಎನ್ನುವ ಮಾತು ಅರ್ಧ ಸತ್ಯ. ಯಾವ ಹಂತದಲ್ಲಿ ಪತ್ತೆಯಾಗುತ್ತದೆ, ಎಷ್ಟು ದೂರ ಹೋಗಿ ತೋರಿಸಲಾಗುತ್ತದೆ, ಕೊನೆಗೆ ಯಾವ ಜಾಗದಲ್ಲಿ ಮಲಗಿಸುತ್ತಾರೆ ಎನ್ನುವುದನ್ನೆಲ್ಲ ಕಾಯಿಲೆ ಅಲ್ಲ, ಊರು ತೀರ್ಮಾನ ಮಾಡುತ್ತದೆ.

ಮೇಷ್ಟ್ರು: ಆ ಮಾರ್ಫಿನ್ನು ಅಂತೀಯಲ್ಲ, ಅದೇನು ಚಿನ್ನಕ್ಕಿಂತ ದುಬಾರಿಯಾ?

ಸಿಸ್ಟರು: ಒಂದು ಮಾತ್ರೆಗೆ ಕೆಲವೇ ರೂಪಾಯಿ ರೀ. ನಾಲ್ಕು ತಾಸಿಗೆ ಒಂದರಂತೆ ಕೊಟ್ಟರೆ ಎಷ್ಟೋ ಜನ ಎದ್ದು ಕೂತು ಮೊಮ್ಮಕ್ಕಳ ಜೊತೆ ಮಾತಾಡ್ತಾರೆ. ತೊಡಕು ಇರೋದು ದುಡ್ಡಲ್ಲಿ ಅಲ್ಲ, ಕಾಗದದಲ್ಲಿ.

ಈ ಕಾಗದದ ಕತೆ ಸ್ವಲ್ಪ ಹಳೆಯದು. ಮಾರ್ಫಿನ್ ತೆಗೆಯುವ ಅಫೀಮನ್ನು ಸರ್ಕಾರದ ಪರವಾನಗಿ ಪಡೆದು ಔಷಧಕ್ಕಾಗಿ ಬೆಳೆಯುವ ಕೆಲವೇ ದೇಶಗಳಲ್ಲಿ ಭಾರತ ಒಂದು. ಮಧ್ಯಪ್ರದೇಶದ ಮಂದಸೌರ್, ನೀಮಚ್ ಕಡೆ ಗಸಗಸೆ ಹೊಲಗಳಿವೆ, ಉತ್ತರಪ್ರದೇಶದ ಗಾಜಿಪುರದಲ್ಲಿ ಬ್ರಿಟಿಷರ ಕಾಲದ ಕಾರ್ಖಾನೆಯಿದೆ. ಹಾಗಿದ್ದೂ 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ನೋವಿನ ರೋಗಿಗಳಿಗೆ ಮಾರ್ಫಿನ್ ಸಿಗುವುದು ಬಹುತೇಕ ನಿಂತೇಹೋಯಿತು. ಒಂದೇ ಔಷಧಿಗೆ ನಾಲ್ಕೈದು ಲೈಸೆನ್ಸು, ಲೆಕ್ಕದಲ್ಲಿ ಹೆಚ್ಚುಕಡಿಮೆಯಾದರೆ ಜೈಲಿನ ಭಯ. ಹತ್ತು ಹನ್ನೆರಡು ವರ್ಷದಲ್ಲಿ ದೇಶದ ಮಾರ್ಫಿನ್ ಬಳಕೆ ಶೇ 90ಕ್ಕಿಂತ ಹೆಚ್ಚು ಕುಸಿಯಿತು. 2014ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿತು. ಈಗ ಅಷ್ಟು ಲೈಸೆನ್ಸು ಬೇಡ. ರಾಜ್ಯದ ಔಷಧ ನಿಯಂತ್ರಣ ಇಲಾಖೆಯಿಂದ ಮಾನ್ಯತೆ ಪಡೆದು, ತರಬೇತಾದ ವೈದ್ಯರೊಬ್ಬರಿದ್ದು, ರಿಜಿಸ್ಟರು ಸರಿಯಾಗಿಟ್ಟರೆ ಸಾಕು. ಕರ್ನಾಟಕ 2016ರಲ್ಲಿ ಉಪಶಾಮಕ ಆರೈಕೆಗೆ ತನ್ನದೇ ನೀತಿಯನ್ನೂ ಮಾಡಿಕೊಂಡಿತು. ಕಾಯ್ದೆ ಸಡಿಲವಾಯಿತು, ಭಯ ಸಡಿಲವಾಗಲಿಲ್ಲ. ಆ ಹೆಸರು ಕೇಳಿದರೆ ಇವತ್ತಿಗೂ ‘ನಮಗ್ಯಾಕೆ ತಲೆನೋವು’ ಎನ್ನುವ ವೈದ್ಯರೇ ಹೆಚ್ಚು. ಬಡತನದ್ದೂ ಇದರಲ್ಲಿ ಪಾಲಿದೆ. ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ ಆಯೋಗ 2017ರಲ್ಲಿ ಕೊಟ್ಟ ಲೆಕ್ಕದಂತೆ, ಜಗತ್ತಿನಲ್ಲಿ ವರ್ಷಕ್ಕೆ ವಿತರಣೆಯಾಗುವ ಮಾರ್ಫಿನ್ ಜಾತಿಯ ನೋವುನಿವಾರಕ 298.5 ಟನ್, ಅದರಲ್ಲಿ ತೀರಾ ಬಡ ದೇಶಗಳಿಗೆ ಮುಟ್ಟುವುದು 0.1 ಟನ್.

ಮೇಷ್ಟ್ರು: ಬೆಂಗಳೂರಿನ ಕೊಳಚೆ ನೀರನ್ನ ಸೋಸಿ 2018ರಲ್ಲಿ ಕೆ.ಸಿ. ವ್ಯಾಲಿ ಪೈಪಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಟ್ಟರು. ಅಷ್ಟು ದೊಡ್ಡ ಪೈಪು ಎಳೆಯೋದಕ್ಕೆ ಆಯ್ತು. ಒಂದು ಮಾತ್ರೆ ಡಬ್ಬಿ ಬರೋದಕ್ಕೆ ಆಗಲಿಲ್ಲ.

ಸಿಸ್ಟರು: (ನಕ್ಕು) ಅದನ್ನೇ ರೀ ನಾನೂ ಹೇಳೋದು.

ಮೇಷ್ಟ್ರು: ನಗಬೇಡ, ನನಗೊಂದು ಹೆದರಿಕೆಯೂ ಐತೆ. ಸಾರಾಯಿಯಲ್ಲಿ ನಮ್ಮ ಎಷ್ಟು ಮನೆ ಮುಳುಗಿದವು ಅಂತ ನೀನು ನೋಡಿಲ್ಲ. ಅಜ್ಜಿ ತಲೆದಿಂಬಿನ ಕೆಳಗಿನ ಮಾತ್ರೆ ನಾಳೆ ಮೊಮ್ಮಗನ ಜೇಬಿಗೆ ಹೋದರೆ?

ಸಿಸ್ಟರು: ಹೋಗಬಾರದು ಅಂತಾನೇ ವಾರಕ್ಕಾಗುವಷ್ಟು ಎಣಿಸಿ ಕೊಡೋದು, ಖಾಲಿ ಪಟ್ಟಿ ವಾಪಸ್ ಇಸ್ಕೊಳ್ಳೋದು. ತಪ್ಪು ಎಲ್ಲೂ ಆಗೋದಿಲ್ಲ ಅಂತ ನಾನು ಬರೆದುಕೊಡಲಾರೆ. ಆದರೆ ಒಬ್ಬ ಮೊಮ್ಮಗನ ಭಯಕ್ಕೆ ಊರಿನ ಅಜ್ಜಿಯರನ್ನೆಲ್ಲ ನರಳಿಸೋದು ಯಾವ ನ್ಯಾಯ?

ಈ ಹೊತ್ತಿಗೆ ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆಯೊಬ್ಬರು ಬಂದು ಬೆಂಚಿನ ತುದಿಗೆ ಕೂತರು. ಇವರೂ ಕಾಲೋನಿಯವರೇ. ಮಾತು ಕೇರಳಕ್ಕೆ ತಿರುಗಿತ್ತು. 1993ರಲ್ಲಿ ಕೋಯಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಕಟ್ಟಿದ ಸಣ್ಣ ಸಂಘ, ಮಲಪ್ಪುರಂ ಜಿಲ್ಲೆಯಲ್ಲಿ ಊರೂರಿನ ನೆರೆಹೊರೆ ಕೂಟಗಳಾಗಿ ಹಬ್ಬಿತು. ಅಲ್ಲಿಯ ಮೇಷ್ಟ್ರುಗಳು, ಆಟೊದವರು, ಕಾಲೇಜು ಹುಡುಗರು ತರಬೇತಿ ಪಡೆದು ವಾರಕ್ಕೆ ಕೆಲವು ಗಂಟೆ ರೋಗಿಗಳ ಮನೆಗೆ ಹೋಗತೊಡಗಿದರು. 2008ರಲ್ಲಿ ಸರ್ಕಾರ ನೀತಿ ತಂದು ಪಂಚಾಯಿತಿಗಳನ್ನು ಇದಕ್ಕೆ ಹೂಡಿತು. ಈಗ ಅಲ್ಲಿ ಪಂಚಾಯಿತಿಯ ನರ್ಸು ಮನೆಮನೆಗೆ ಬರುತ್ತಾರೆ.

ಸಿಸ್ಟರು: ನಮ್ಮಲ್ಲೂ ಆಗಬೇಕಾದ್ದು ಇದೇ. ಸ್ತ್ರೀಶಕ್ತಿ ಸಂಘ ಇದೆ, ಹಾಲಿನ ಸಂಘ ಇದೆ, ಕಾಲೇಜು ಹುಡುಗರು ಇದ್ದಾರೆ. ಹತ್ತು ಜನ ಮುಂದೆ ಬಂದರೆ ಸಾಕು.

ಮೇಷ್ಟ್ರು: ಯಾವ ಹತ್ತು ಜನ? ಊರಿನವರಾ, ಕಾಲೋನಿಯವರಾ? ಊರವನು ಕಾಲೋನಿಗೆ ಬಂದು ನಮ್ಮ ಅಜ್ಜಿ ಗಾಯ ತೊಳೀತಾನಾ? ತೊಳೆದ ಅಂತಲೇ ಇಟ್ಕೊ, ಪೇಪರಲ್ಲಿ ಫೋಟೊ ಹಾಕಿಸ್ಕೊಂತಾನೆ. ನಮ್ಮ ಹುಡುಗ ಊರೊಳಗೆ ಹೋಗಿ ಅವರಜ್ಜನ ಮೈ ಮುಟ್ಟಿದರೆ?

ಆಶಾ: ನಾನು ಹೇಳ್ತೀನಿ ಮೇಷ್ಟ್ರೇ. ಬಿಪಿ ಪಟ್ಟಿ ಕಟ್ಟಿಸ್ಕೊಂತಾರೆ. ಸಕ್ಕರೆ ನೋಡೋದಕ್ಕೆ ಬೆರಳೂ ಕೊಡ್ತಾರೆ. ಜಗಲಿ ಮೇಲೆ. ಒಳಗೆ ಮಲಗಿರೋ ಅಜ್ಜನಿಗೆ ಪಕ್ಕ ತಿರುಗಿಸ್ತೀನಿ ಅಂದ್ರೆ, ‘ಬೇಡಮ್ಮ, ಸಿಸ್ಟರು ಬಂದಾಗ ನೋಡೋಣ’ ಅಂತಾರೆ. ಬೆನ್ನಲ್ಲಿ ಹುಣ್ಣು ಆದ ಮೇಲೆ ಒಂದೆರಡು ಮನೆಯವರು ಕರೆದರು ಅನ್ನಿ. ನೋವು ಜಾಸ್ತಿ ಆದಾಗ ಜಾತಿ ಸ್ವಲ್ಪ ಕಡಿಮೆ ಆಗ್ತದೆ.

ಮೇಷ್ಟ್ರು: ವಾಸಿಯಾದ ಮೇಲೆ ಮತ್ತೆ ಬರ್ತದೆ.

ಆಶಾ: ಅದಿರಲಿ. ಸ್ವಯಂಸೇವೆ ಅಂತ ಶುರುವಾದ್ರೆ ಕೊನೆಗೆ ಯಾರ ತಲೆಗೆ ಬೀಳ್ತದೆ ಅಂತ ನನಗೆ ಗೊತ್ತು. ಗೌರವಧನ ಜಾಸ್ತಿ ಮಾಡಿ ಅಂತ 2025ರ ಜನವರಿ ಚಳೀಲಿ ನಮ್ಮೋರೆಲ್ಲ ಫ್ರೀಡಂ ಪಾರ್ಕಲ್ಲಿ ಕೂತಿದ್ದು ಮರೆತುಬಿಟ್ರಾ?

ಸಿಸ್ಟರು: ಮರೆತಿಲ್ಲ ರೀ. ಆದರೆ ಸಂಬಳದ ನರ್ಸು ಬರೋದು ವಾರಕ್ಕೊಮ್ಮೆ. ರಾತ್ರಿ ಎರಡು ಗಂಟೆಗೆ ಅಜ್ಜಿಗೆ ನೋವು ಹೆಚ್ಚಾದರೆ ಯಾವ ಸರ್ಕಾರ ಎದ್ದು ಬರ್ತದೆ? ಪಕ್ಕದ ಮನೆಯವರೇ ಬರಬೇಕು. ಆ ಪಕ್ಕದ ಮನೆಯವರಿಗೆ ನಾಲ್ಕು ವಿಷಯ ಕಲಿಸಿಡಿ ಅಂತೀನಿ, ಅಷ್ಟೇ.

ಮೇಷ್ಟ್ರು: ಕೇರಳವನ್ನ ಅಷ್ಟು ಹೊಗಳ್ತೀಯಲ್ಲ, ಕಾಸರಗೋಡು ಏನಾಯ್ತು? ನಮ್ಮ ಕನ್ನಡದವರೇ ಇರೋ ಎಣ್ಮಕಜೆ, ಪಡ್ರೆ. ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಸುರಿದು ಮಕ್ಕಳು ಹಾಸಿಗೆ ಹಿಡಿದವು. ಪರಿಹಾರಕ್ಕೆ 2017ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯ್ತು. 2022ರಲ್ಲಿ ಮತ್ತೆ ಬೈದು, ಆ ಮಕ್ಕಳಿಗೆ ಪ್ಯಾಲಿಯೇಟಿವ್ ಆರೈಕೆ, ಫಿಸಿಯೋಥೆರಪಿ ಸಿಗೋ ಹಾಗೆ ನೋಡಿಕೊಳ್ಳಿ ಅಂತ ಮುಖ್ಯ ಕಾರ್ಯದರ್ಶಿಗೆ ಹೇಳಬೇಕಾಯ್ತು. ನಿನ್ನ ನೆರೆಹೊರೆ ಕೂಟ ಸಾಕಾಗಿದ್ದರೆ ಕೋರ್ಟು ಯಾಕೆ?

ಸಿಸ್ಟರು: ಕೇಳೋದಕ್ಕೆ ಅಲ್ಲಿ ಒಂದು ವ್ಯವಸ್ಥೆ ಇತ್ತು, ಅದಕ್ಕೆ ಕೇಳಿದರು. ಇಲ್ಲಿ ನಾವು ಏನನ್ನ ಕೇಳ್ತಾ ಇದ್ದೀವಿ ಅನ್ನೋದೇ ಯಾರಿಗೂ ಗೊತ್ತಿಲ್ಲ.

ಇಬ್ಬರೂ ಕ್ಯಾನ್ಸರನ್ನೇ ಹಿಡಿದು ಜಗ್ಗುತ್ತಿದ್ದಾರೆ. ಆದರೆ ಈ ಆರೈಕೆ ಕ್ಯಾನ್ಸರಿಗಷ್ಟೇ ಸೇರಿದ್ದಲ್ಲ. ಪಾರ್ಶ್ವವಾಯು, ಕಿಡ್ನಿ, ಹೃದಯ, ಶ್ವಾಸಕೋಶ, ಮುಪ್ಪು, ಎಲ್ಲದಕ್ಕೂ ಬೇಕು. ಪಕ್ಕದ ಕೆಜಿಎಫ್ ನೋಡಿ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದೇ ಕೋಲಾರದ ಚಿನ್ನದ ಗಣಿಯಿಂದ, 1934ರಲ್ಲಿ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು; ಒಳಗಿಳಿದು ಕಲ್ಲು ಕೊರೆದವರ, ಹೆಚ್ಚಿನಂಶ ದಲಿತ ಕುಟುಂಬಗಳವರ, ಎದೆಯಲ್ಲಿ ದೂಳು ಉಳಿಯಿತು. ಕೆಲವರ ಏದುಸಿರಿಗೂ ಮಾರ್ಫಿನ್ನಿನ ಸಣ್ಣ ಪ್ರಮಾಣ ಆರಾಮ ಕೊಡಬಹುದು ಎನ್ನುವುದು ಎಷ್ಟು ಮನೆಗಳಿಗೆ ತಿಳಿದಿದೆ? ಮುಳಬಾಗಿಲು, ಶ್ರೀನಿವಾಸಪುರದ ಕೊಳವೆಬಾವಿಗಳ ಫ್ಲೋರೈಡು ನೀರು ಕುಡಿದು ಮೂಳೆ ಬಗ್ಗಿದವರ ನೋವು ಇನ್ನೊಂದು ಲೆಕ್ಕ. ಜಗತ್ತಿನಲ್ಲಿ ಉಪಶಾಮಕ ಆರೈಕೆ ಬೇಕಾದವರಲ್ಲಿ ಅದು ದಕ್ಕುತ್ತಿರುವುದು ನೂರಕ್ಕೆ 14 ಮಂದಿಗೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಆಶಾ: ಬಿಪಿಎಲ್ ಮನೆಗೆಲ್ಲ ಐದು ಲಕ್ಷದ ಕಾರ್ಡು ಐತಲ್ಲ ಸಿಸ್ಟರ್, ಆಯುಷ್ಮಾನು? ಅದರಲ್ಲಿ ಬರಲ್ವಾ?

ಸಿಸ್ಟರು: ಆಸ್ಪತ್ರೆಗೆ ಸೇರಿದರೆ ಬರ್ತದ. ಆಪರೇಷನ್ನು, ಕಿಮೋ, ಕರೆಂಟು ಎಲ್ಲ ಬರ್ತದ. ಮನೆಗೆ ಬಂದು ಗಾಯ ತೊಳೆಯೋ ಕೈಗೆ, ಪಡಸಾಲೆಯಲ್ಲಿ ನುಂಗೋ ಮಾತ್ರೆಗೆ ಆ ಕಾರ್ಡಲ್ಲಿ ಜಾಗ ಇಲ್ಲ.

ಮೇಷ್ಟ್ರು: ಹಾಗಾದ್ರೆ ಬೆಂಗಳೂರು.

ಬೆಂಗಳೂರಿನಲ್ಲಿ ಇದೆ, ಇಲ್ಲವೆನ್ನುವಂತಿಲ್ಲ. 1973ರಲ್ಲಿ ಶುರುವಾದ ಕಿದ್ವಾಯಿ ಸಂಸ್ಥೆಯಲ್ಲಿ ಇದಕ್ಕೆಂದೇ ವಿಭಾಗವಿದೆ. 1994ರಲ್ಲಿ ಹುಟ್ಟಿದ ಬೆಂಗಳೂರು ಹಾಸ್ಪೈಸ್ ಟ್ರಸ್ಟು 1999ರಿಂದ ನಡೆಸುತ್ತಿರುವ ‘ಕರುಣಾಶ್ರಯ’ದಲ್ಲಿ ಕೊನೆ ಹಂತದ ಕ್ಯಾನ್ಸರ್ ರೋಗಿಗಳಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಗಡಿ ಆಚೆ ವೆಲ್ಲೂರಿನ ಸಿಎಂಸಿ ಇದೆ; ಮುಳಬಾಗಿಲಿನವರು ಹಿಂದಿನಿಂದಲೂ ಹೋಗುವ ಆಸ್ಪತ್ರೆ. ಆದರೆ ಉಚಿತವಾದದ್ದೂ ದೂರವಿದ್ದರೆ ದುಬಾರಿಯೇ. ಹಾಸಿಗೆ ಹಿಡಿದವರನ್ನು ಕರೆದೊಯ್ಯಲು ಕಾರು ಬೇಕು, ಜೊತೆಗಿರಲು ಇಬ್ಬರು ಬೇಕು, ಮನೆಯಲ್ಲಿ ಹಸುವಿಗೆ ಮೇವು ಹಾಕಲು ಇನ್ನೊಬ್ಬರು ಬೇಕು. ಇಷ್ಟೆಲ್ಲಾ ಹೊಂದಿಸಬಲ್ಲ ಮನೆ ಬಡ ಮನೆಯೇ ಅಲ್ಲ. ಹೊಂದಿಸಿದರೂ ಎಷ್ಟೋ ಅಜ್ಜಿಯರು ಹೋಗಲೊಲ್ಲರು. ಕೊನೆಯುಸಿರು ತಮ್ಮ ಹೊಸಲಿನೊಳಗೆ ಹೋಗಲಿ ಎನ್ನುವುದು ಇಲ್ಲಿಯ ಆಸೆ.

ಮೇಷ್ಟ್ರು: ಮೊನ್ನೆ ಪೇಪರಲ್ಲಿ ಓದಿದೆ. ಘನತೆಯಿಂದ ಸಾಯೋ ಹಕ್ಕು ಅಂತ 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು, ಅದನ್ನ ಜಾರಿ ಮಾಡೋದಕ್ಕೆ 2025ರ ಜನವರಿಯಲ್ಲಿ ನಮ್ಮ ರಾಜ್ಯ ಸುತ್ತೋಲೆ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮ ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದರಂತೆ. ಒಳ್ಳೇದೇ. ಆದರೆ ನೋಡು, ಆ ಹಕ್ಕಿಗೆ ಆಸ್ಪತ್ರೆಯಲ್ಲಿ ಎರಡು ವೈದ್ಯ ಮಂಡಳಿ ಕೂರಬೇಕು. ವೆಂಟಿಲೇಟರು ತೆಗೆಸೋ ಹಕ್ಕು, ವೆಂಟಿಲೇಟರು ಹಾಕಿಸೋ ಶಕ್ತಿ ಇದ್ದೋನಿಗೆ. ನಮ್ಮ ಅಜ್ಜಿಗೆ ಯಾರು ಏನು ತೆಗೀಬೇಕು?

ಸಿಸ್ಟರು: ನೋವು ತೆಗೀಬೇಕು ರೀ. ಅದಕ್ಕೆ ಮಂಡಳಿ ಬೇಡ. ಇಲ್ಲಿ ಮಾತ್ರ ನಾವಿಬ್ಬರೂ ಒಂದೇ ಕಡೆ ಇದ್ದೀವಿ ನೋಡ್ರಿ.

ಮೇಷ್ಟ್ರು: ಒಂದೇ ಕಡೆ ಇಲ್ಲ. ನೀನು ದಯೆ ಅಂತ ಕೇಳ್ತೀಯ, ನಾನು ಬಾಕಿ ಅಂತ ಕೇಳ್ತೀನಿ.

ಸಿಸ್ಟರು: ಯಾವ ಹೆಸರಲ್ಲಾದರೂ ಕೇಳ್ರಿ, ಅರ್ಜಿ ಮಾತ್ರ ಬರೀರಿ. ನಿಮ್ಮ ಅಕ್ಷರ ಚೆನ್ನಾಗಿದೆ.

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು. ಗ್ರಾಮ ಪಂಚಾಯಿತಿಗೂ ತಾಲ್ಲೂಕು ಆರೋಗ್ಯಾಧಿಕಾರಿಗೂ ಎರಡು ಪ್ರತಿ. ಮೊದಲ ಬೇಡಿಕೆ, ಕ್ಯಾನ್ಸರ್ ಪತ್ತೆಯಾದವರನ್ನು ದೊಡ್ಡಾಸ್ಪತ್ರೆಗೆ ಕಳಿಸಿದ ಮೇಲೆ ಅವರು ಅಲ್ಲಿಗೆ ಮುಟ್ಟಿದರೋ ಇಲ್ಲವೋ, ಚಿಕಿತ್ಸೆ ಸಿಕ್ಕಿತೋ ಇಲ್ಲವೋ ಎಂದು ಲೆಕ್ಕ ಇಡಬೇಕು, ಇದು ಮೇಷ್ಟ್ರದ್ದು. ಎರಡನೆಯದು, ಮುಳಬಾಗಿಲಿನ ತಾಲ್ಲೂಕು ಮಟ್ಟದಲ್ಲಾದರೂ ಮಾರ್ಫಿನ್ ಸಿಗಬೇಕು, ಹೋಬಳಿಯ ಒಬ್ಬ ವೈದ್ಯರಿಗಾದರೂ ತರಬೇತಿ ಆಗಬೇಕು, ಇದು ಸಿಸ್ಟರದ್ದು. ಮನೆ ಆರೈಕೆಗೆ ಹೋಗುವ ಕಾರ್ಯಕರ್ತೆಗೆ ಪ್ರತಿ ಭೇಟಿಗೂ ದುಡ್ಡು ಕೊಡಬೇಕು ಎಂದು ಮೂರನೆಯದನ್ನು ಆಶಾ ಸೇರಿಸಿದರು. ಸ್ವಯಂಸೇವಕರ ಕೂಟದ ಸಾಲು ಬರೆಯಬೇಕೋ ಬೇಡವೋ ಎಂಬಲ್ಲಿ ಮತ್ತೆ ಮಾತು ಬಿಸಿಯಾಗಿ, ಆ ಸಾಲು ಬರೆಯದೆಯೇ ಸಹಿ ಬಿತ್ತು.

ಓದುವ ನೀವು ಯಾವ ಹೋಬಳಿಯವರಾದರೂ ಸರಿ, ಮುಂದಿನ ಗ್ರಾಮಸಭೆಗೆ ವೈದ್ಯಾಧಿಕಾರಿ ಬಂದಾಗ ಒಂದು ಪ್ರಶ್ನೆ ಕೇಳಿ: ನಮಗೆ ಹತ್ತಿರದಲ್ಲಿ ಮಾರ್ಫಿನ್ ಮಾತ್ರೆ ಕೊಡುವ ಸರ್ಕಾರಿ ಆಸ್ಪತ್ರೆ ಯಾವುದು, ಯಾವ ವಾರ, ಯಾರನ್ನು ಕಾಣಬೇಕು? ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ. ಸಭೆ ಮುಗಿದ ಮೇಲೆ ಅದೇ ಉತ್ತರವನ್ನು ಕಾಲೋನಿಯ ಅಂಗನವಾಡಿ ಗೋಡೆಗೂ ಅಂಟಿಸಿ.